ನಿಂತಲ್ಲಿಂದಲೇ ಮುಂದಕ್ಕೆ: ಲಿನಕ್ಸ್ ಹೈಬರ್ನೇಶನ್ನಿನ ದೋಷಶೋಧ ಮತ್ತು ಪಾಲನೆ



ಕಂಪ್ಯೂಟರಿನ ಬಗ್ಗೆ ಉಪನ್ಯಾಸ ಎಂದರೆ ಜನ ಹೊಸ ಆವಿಷ್ಕಾರಗಳ ಮಾತನ್ನು ನಿರೀಕ್ಷಿಸುತ್ತಾರೆ. ನಾನು ಹಳೆಯದೊಂದನ್ನು, ಅದರಲ್ಲೂ ಆಗಾಗ ಕೆಟ್ಟು ನಿಲ್ಲುವಂಥದ್ದನ್ನು ಆರಿಸಿಕೊಂಡಿದ್ದೇನೆ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಹೈಬರ್ನೇಶನ್ ಹೇಗೆ ನಡೆಯುತ್ತದೆ, ಕೆಟ್ಟರೆ ದೋಷವನ್ನು ಹೇಗೆ ಹುಡುಕುತ್ತಾರೆ, ಇಷ್ಟು ವರ್ಷ ಅದನ್ನು ಹೇಗೆ ಉಳಿಸಿಕೊಂಡು ಬಂದಿದ್ದಾರೆ ಎಂಬುದು ಇವತ್ತಿನ ವಿಷಯ. ಹೊಸದನ್ನು ಕಟ್ಟಿದವರಿಗೆ ಸಿಗುವ ಮರ್ಯಾದೆ ಇದ್ದದ್ದನ್ನು ಕೆಡದಂತೆ ನೋಡಿಕೊಂಡವರಿಗೂ ಸಲ್ಲಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಆ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಅದು ನಿದ್ದೆಗೆ ಹೋಗುತ್ತದೆ. ಆ ನಿದ್ದೆಯಲ್ಲಿ ರ್ಯಾಮ್‌ಗೆ ಕರೆಂಟು ಹೋಗುತ್ತಲೇ ಇರುತ್ತದೆ, ಬ್ಯಾಟರಿ ಸೋರುತ್ತಲೇ ಇರುತ್ತದೆ. ಹೈಬರ್ನೇಶನ್ ಹಾಗಲ್ಲ. ರ್ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆದು, ಯಂತ್ರ ಪೂರ್ತಿ ಆಫ್ ಆಗುತ್ತದೆ. ಬ್ಯಾಟರಿಯನ್ನೇ ಕಿತ್ತು ಪಕ್ಕಕ್ಕಿಟ್ಟು, ವಾರ ಕಳೆದು ಮತ್ತೆ ಹಾಕಿ ಆನ್ ಮಾಡಿದರೂ ಅರ್ಧ ಬರೆದ ಕಾಗದ ಅರ್ಧಕ್ಕೇ ತೆರೆದಿರುತ್ತದೆ. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 1996ರಲ್ಲಿ ಹೊರತಂದ ಎಸಿಪಿಐ ಎಂಬ ವಿದ್ಯುತ್ ನಿರ್ವಹಣಾ ಮಾನದಂಡದಲ್ಲಿ ಮೊದಲನೆಯ ನಿದ್ದೆಗೆ ಎಸ್-3 ಎಂದೂ ಎರಡನೆಯದಕ್ಕೆ ಎಸ್-4 ಎಂದೂ ಹೆಸರು. ಯುಪಿಎಸ್ ಹತ್ತು ನಿಮಿಷ ತಡೆದರೆ ಹೆಚ್ಚು ಎನ್ನುವ ಊರುಗಳಲ್ಲಿ ಕೆಲಸ ಮಾಡುವವರಿಗೆ ಎಸ್-4ರ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕೇಳಲು ಸುಲಭ. ರ್ಯಾಮ್ ಎಂದರೆ ಬೈಟುಗಳ ಸಾಲು, ಡಿಸ್ಕೂ ಅದೇ, ಇಲ್ಲಿಂದ ಅಲ್ಲಿಗೆ ನಕಲು ಮಾಡಿದರಾಯಿತಲ್ಲ ಎನ್ನಿಸುತ್ತದೆ. ತೊಡಕು ಇರುವುದು ನಕಲು ಮಾಡುವವರು ಯಾರು ಎಂಬಲ್ಲಿ. ನಕಲು ಮಾಡುವ ಕರ್ನಲ್ ತಾನೂ ಅದೇ ರ್ಯಾಮ್‌ನಲ್ಲಿದೆ. ಮದುವೆ ಮನೆಯಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಎಲ್ಲರೂ ಅಲುಗಾಡದೆ ನಿಲ್ಲಬೇಕು, ಫೋಟೋಗ್ರಾಫರ್ ಕೂಡ ಫೋಟೋದೊಳಗೇ ಇರಬೇಕು, ಅವನೂ ಅಲುಗಾಡಬಾರದು ಎಂದರೆ ಹೇಗೋ ಹಾಗೆ. ಡಿಸ್ಕಿಗೆ ಬರೆಯಬೇಕೆಂದರೆ ಡಿಸ್ಕಿನ ಡ್ರೈವರ್ ಓಡಬೇಕು. ಡ್ರೈವರ್ ಓಡಿದರೆ ರ್ಯಾಮ್ ಬದಲಾಗುತ್ತದೆ. ರ್ಯಾಮ್ ಬದಲಾದರೆ ಬರೆದ ಮೊದಲರ್ಧ ಒಂದು ಕ್ಷಣದ್ದು, ಉಳಿದರ್ಧ ಇನ್ನೊಂದು ಕ್ಷಣದ್ದು. ಅಂಥ ಪ್ರತಿಯಿಂದ ಎದ್ದ ಯಂತ್ರ ನಂಬಿಕೆಗೆ ಅರ್ಹವಲ್ಲ.

ಲಿನಕ್ಸ್ ಇದನ್ನು ಬಿಡಿಸಿಕೊಂಡ ಬಗೆ ಹೀಗಿದೆ. ಮೊದಲು ಡಿಸ್ಕಿಗೆ ಹೋಗಬೇಕಾದ ಬಾಕಿ ಬರಹವನ್ನೆಲ್ಲ ತೀರಿಸುತ್ತದೆ. ಆಮೇಲೆ ನಾವು ಓಡಿಸುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ಸ್ತಬ್ಧಗೊಳಿಸುತ್ತದೆ. ನಂತರ ಪ್ರತಿಯೊಂದು ಡ್ರೈವರಿಗೂ ಕೆಲಸ ನಿಲ್ಲಿಸಲು ಹೇಳುತ್ತದೆ. ಒಂದು ಪ್ರೊಸೆಸರ್ ಕೋರನ್ನು ಉಳಿಸಿಕೊಂಡು ಮಿಕ್ಕವನ್ನು ಆಫ್ ಮಾಡುತ್ತದೆ. ಇಂಟರಪ್ಟುಗಳು ಬಂದ್. ಆ ನಿಶ್ಚಲ ಸ್ಥಿತಿಯಲ್ಲಿ ಬೇಕಾದ ಪುಟಗಳನ್ನೆಲ್ಲ ರ್ಯಾಮ್‌ನ ಖಾಲಿ ಜಾಗಕ್ಕೇ ನಕಲು ಮಾಡಿಕೊಳ್ಳುತ್ತದೆ. ರ್ಯಾಮ್‌ನಿಂದ ರ್ಯಾಮ್‌ಗೆ ನಕಲು ಮಾಡಲು ಯಾವ ಡ್ರೈವರೂ ಬೇಡ. ಪ್ರತಿ ಸಿದ್ಧವಾದ ಮೇಲೆ ಸಾಧನಗಳನ್ನು ಮತ್ತೆ ಎಬ್ಬಿಸಿ, ಪ್ರೋಗ್ರಾಮುಗಳನ್ನು ಮಾತ್ರ ಹಾಗೇ ಬಿಟ್ಟು, ಆ ಪ್ರತಿಯನ್ನು ಒತ್ತಿ ಕುಗ್ಗಿಸಿ ಡಿಸ್ಕಿನ ಸ್ವಾಪ್ ಜಾಗಕ್ಕೆ ಬರೆಯುತ್ತದೆ. ಕೊನೆಗೆ ಪವರ್ ಆಫ್.

ಈ ಉಪಾಯಕ್ಕೆ ತೆರಬೇಕಾದ ಬೆಲೆ ಇದೆ. ಪ್ರತಿ ಇಡಲು ಜಾಗ ಬೇಕಾದ್ದರಿಂದ ಅದು ರ್ಯಾಮ್‌ನ ಅರ್ಧವನ್ನು ಮೀರುವಂತಿಲ್ಲ. ಕರ್ನಲ್ ತಾನಾಗಿ ಇಟ್ಟುಕೊಳ್ಳುವ ಗುರಿ ಐದರಲ್ಲಿ ಎರಡು ಭಾಗ. ಅದಕ್ಕಿಂತ ಹೆಚ್ಚು ರ್ಯಾಮ್ ಬಳಕೆಯಲ್ಲಿದ್ದರೆ ಮೊದಲು ಜಾಗ ತೆರವು ಮಾಡಬೇಕು. ತುಂಬಿದ ಯಂತ್ರದಲ್ಲಿ ಹೈಬರ್ನೇಶನ್ ನಿಧಾನವಾಗುವುದಕ್ಕೂ ಕೆಲವೊಮ್ಮೆ ಮೊದಲ ಹೆಜ್ಜೆಯಲ್ಲೇ ಸೋಲುವುದಕ್ಕೂ ಇದೇ ಕಾರಣ.

ಏಳುವ ದಾರಿ ಇನ್ನೂ ಕಠಿಣ. ಆನ್ ಮಾಡಿದಾಗ ಮೊದಲು ಬೂಟ್ ಆಗುವುದು ಹೊಸದೊಂದು ಕರ್ನಲ್. ಅದಕ್ಕೆ ಹಿಂದಿನ ಕತೆ ಏನೂ ಗೊತ್ತಿಲ್ಲ. ಅದು ಡಿಸ್ಕನ್ನು ಗುರುತಿಸಿ, ಸ್ವಾಪ್‌ನ ತಲೆಬರಹದಲ್ಲಿ ಪ್ರತಿಯ ಗುರುತು ಇದೆಯೇ ನೋಡಿ, ಇದ್ದರೆ ಪ್ರತಿಯನ್ನು ಓದಿಕೊಂಡು, ತನ್ನ ಸಾಧನಗಳನ್ನೆಲ್ಲ ನಿಲ್ಲಿಸಿ, ಹಳೆಯ ಕರ್ನಲ್ಲಿನ ಪುಟಗಳನ್ನು ಅವುಗಳ ಮೂಲ ಜಾಗಕ್ಕೆ ಸುರಿಯುತ್ತದೆ. ಸುರಿಯುವಾಗ ತನ್ನ ಮೇಲೆಯೇ ಸುರಿದುಕೊಳ್ಳುತ್ತದೆ. ಆದ್ದರಿಂದ ಈ ಕೊನೆಯ ನಕಲಿನ ಕೆಲಸವನ್ನು ಅಸೆಂಬ್ಲಿಯಲ್ಲಿ ಬರೆದ ಪುಟ್ಟ ತುಣುಕೊಂದಕ್ಕೆ ವಹಿಸಿ, ಆ ತುಣುಕನ್ನು ಯಾರೂ ತುಳಿಯದ ಪುಟದಲ್ಲಿ ಇರಿಸಿರುತ್ತಾರೆ. ಅದು ಮುಗಿದೊಡನೆ ಹಿಡಿತ ಹಳೆಯ ಕರ್ನಲ್ಲಿನ ಕೈಗೆ ಹೋಗುತ್ತದೆ. ತಾನು ಆಫ್ ಆಗಿದ್ದೆ ಎಂಬುದು ಅದಕ್ಕೆ ತಿಳಿಯುವುದು ಒಂದೇ ಒಂದು ವೇರಿಯಬಲ್ಲಿನ ಬೆಲೆಯಿಂದ. ಸಿಸ್ಟಂಸ್ ಓದುವ ವಿದ್ಯಾರ್ಥಿಗಳು ಕರ್ನಲ್ಲಿನ ಮೂಲ ಕೋಡಿನ ಆರ್ಚ್ ಫೋಲ್ಡರಿನಲ್ಲಿ, ಎಕ್ಸ್86ರ ಪವರ್ ವಿಭಾಗದಲ್ಲಿ ಇರುವ ಆ ಅಸೆಂಬ್ಲಿ ತುಣುಕಿನ ಫೈಲನ್ನು ತೆರೆದು ಓದಲೇಬೇಕು. ಸಾಲುಗಳು ಕಡಿಮೆ, ಟಿಪ್ಪಣಿಗಳು ಸ್ಪಷ್ಟ. ಒಂದು ಸಂಜೆಯಲ್ಲಿ ಅರ್ಥ ಮಾಡಿಕೊಳ್ಳಬಹುದು.

ಚರಿತ್ರೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1998ರಲ್ಲಿ ಗಾಬೋರ್ ಕೂಟಿ ಎಂಬುವರು ಈ ಕೆಲಸ ಶುರು ಮಾಡಿದರು. ಪ್ರಾಗ್‌ನ ಪಾವೆಲ್ ಮಾಕೆಕ್ ಕೈಗೆತ್ತಿಕೊಂಡು 2002ರಲ್ಲಿ ಮುಖ್ಯ ಕರ್ನಲ್ಲಿಗೆ ಸೇರಿಸಿದರು. ಆಸ್ಟ್ರೇಲಿಯದ ನೈಜೆಲ್ ಕನಿಂಗ್‌ಹ್ಯಾಮ್ ಇದೇ ಬೇರಿನಿಂದ ಟಕ್ಸ್‌ಆನ್‌ಐಸ್ ಎಂಬ ಬೇರೆ ಕವಲನ್ನು ವರ್ಷಗಟ್ಟಲೆ ಬೆಳೆಸಿದರು. ಬಳಸಿದವರು ಮೆಚ್ಚಿದರು, ಆದರೆ ಅದು ಮುಖ್ಯ ಕರ್ನಲ್ಲಿನೊಳಕ್ಕೆ ಬರಲಿಲ್ಲ. ಪ್ಯಾಟ್ರಿಕ್ ಮೋಷೆಲ್ ಮಾಡಿದ ಮತ್ತೊಂದು ಕವಲು ಮೂಲಕ್ಕೇ ಮರಳಿ ಸೇರಿತು. 2005ರ ಆಸುಪಾಸಿನಿಂದ ಈ ಭಾರ ಹೆಚ್ಚಾಗಿ ಹೊತ್ತವರು ಪೋಲೆಂಡಿನ ರಫಾಯೆಲ್ ವಿಸೊಟ್ಸ್ಕಿ. ಒಂದು ಸೌಲಭ್ಯಕ್ಕೆ ಮೂರು ಕವಲು ಒಡೆದು ಕೊನೆಗೆ ಒಂದು ಉಳಿಯಿತು. ಉಳಿದದ್ದೇ ಎಲ್ಲಕ್ಕಿಂತ ಚೆಂದದ್ದು ಎಂದು ನಾನು ಹೇಳುವುದಿಲ್ಲ, ಅದನ್ನು ಬಿಡದೆ ನೋಡಿಕೊಳ್ಳುವವರು ಇದ್ದರು ಎಂದು ಮಾತ್ರ ಹೇಳುತ್ತೇನೆ.

ಇನ್ನು ದೋಷಶೋಧಕ್ಕೆ ಬರೋಣ. ಈ ಸೌಲಭ್ಯ ಕೆಟ್ಟಾಗ ಕಾಣುವುದು ಸಾಮಾನ್ಯವಾಗಿ ಕಪ್ಪು ಪರದೆ. ಕೀಬೋರ್ಡು ಕೇಳುವುದಿಲ್ಲ, ಡಿಸ್ಕ್ ಮಲಗಿದೆ, ಲಾಗ್ ಬರೆಯುವವರಿಲ್ಲ. ಸಾಕ್ಷಿ ಹೇಳಬೇಕಾದ ಸಾಧನಗಳೇ ಮೂಕವಾಗಿರುವಾಗ ತಪ್ಪು ಯಾರದೆಂದು ತಿಳಿಯುವುದು ಹೇಗೆ? ಪಾಲಕರು ಇದಕ್ಕೆ ಕೊಟ್ಟ ಉತ್ತರವೇ ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಭಾಗ. ಮಲಗುವ ಕ್ರಿಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದು, ಬೇಕಾದ ಮೆಟ್ಟಿಲಲ್ಲಿ ನಿಂತು ಹಿಂದಕ್ಕೆ ಬರುವ ಸವಲತ್ತನ್ನು ಅವರು ಕರ್ನಲ್ಲಿನಲ್ಲೇ ಇಟ್ಟಿದ್ದಾರೆ. ಪರೀಕ್ಷಾ ಸೌಲಭ್ಯ ಸೇರಿಸಿ ಕಟ್ಟಿದ ಕರ್ನಲ್ಲಾದರೆ, ಸಿಸ್ ಡೈರೆಕ್ಟರಿಯ ಪವರ್ ಫೋಲ್ಡರಿನಲ್ಲಿ ಪಿಎಂ-ಟೆಸ್ಟ್ ಎಂಬ ಫೈಲ್ ಇರುತ್ತದೆ. ಅದರಲ್ಲಿ ‘ಫ್ರೀಜರ್’ ಎಂದು ಬರೆದು ಹೈಬರ್ನೇಟ್ ಮಾಡಿದರೆ ಪ್ರೋಗ್ರಾಮುಗಳಷ್ಟೇ ಸ್ತಬ್ಧವಾಗಿ, ಐದು ಸೆಕೆಂಡ್ ಕಳೆದು ಎಲ್ಲ ಮೊದಲಿನಂತಾಗುತ್ತದೆ. ‘ಡಿವೈಸಸ್’ ಎಂದರೆ ಡ್ರೈವರುಗಳವರೆಗೆ, ‘ಪ್ಲಾಟ್‌ಫಾರ್ಮ್’ ಎಂದರೆ ಫರ್ಮ್‌ವೇರಿನವರೆಗೆ, ‘ಪ್ರೊಸೆಸರ್ಸ್’ ಎಂದರೆ ಕೋರ್‌ಗಳನ್ನು ಆಫ್ ಮಾಡುವವರೆಗೆ, ‘ಕೋರ್’ ಎಂದರೆ ಕಟ್ಟಕಡೆಯ ಮೆಟ್ಟಿಲಿನವರೆಗೆ. ಯಾವ ಮೆಟ್ಟಿಲಲ್ಲಿ ಎಡವಿತೋ ತಪ್ಪು ಅಲ್ಲಿದೆ.

ಫ್ರೀಜರ್ ಹಂತದಲ್ಲೇ ಎಡವಿದರೆ ನೀವು ಪುಣ್ಯವಂತರು, ಏಕೆಂದರೆ ಯಂತ್ರ ಇನ್ನೂ ಮಾತಾಡುತ್ತದೆ. ಕರ್ನಲ್ 20 ಸೆಕೆಂಡ್ ಕಾದು, ನಿಲ್ಲಲು ಒಪ್ಪದ ಪ್ರೋಗ್ರಾಮಿನ ಹೆಸರನ್ನು ಲಾಗ್‌ನಲ್ಲಿ ಬರೆದು, ಪ್ರಯತ್ನವನ್ನು ಕೈಬಿಡುತ್ತದೆ. ನೆಟ್‌ವರ್ಕಿನಾಚೆಯ ಫೈಲಿಗಾಗಿ ಕಾಯುತ್ತ ಕೂತ ಪ್ರೋಗ್ರಾಮೋ, ಬಳಕೆದಾರ ಮಟ್ಟದಲ್ಲಿ ಓಡುವ ಫೈಲ್ ವ್ಯವಸ್ಥೆಯೋ ಇಲ್ಲಿ ಸಿಕ್ಕಿಬೀಳುವುದು ಹೆಚ್ಚು. ಉತ್ತರ ಕೊಡಬೇಕಾದ ಪ್ರೋಗ್ರಾಮು ಮೊದಲೇ ಸ್ತಬ್ಧವಾಗಿದ್ದರೆ ಪ್ರಶ್ನೆ ಕೇಳಿದ್ದು ಎಂದಿಗೂ ನಿಲ್ಲಲಾರದು.

ಡ್ರೈವರ್ ಹಂತದಲ್ಲಿ ಎಡವಿದರೆ ಅರ್ಧಕ್ಕರ್ಧ ಮಾಡುವ ಹಳೆಯ ವಿಧಾನವೇ ಗತಿ. ಕನಿಷ್ಠ ಡ್ರೈವರುಗಳೊಡನೆ ಬೂಟ್ ಮಾಡಿ, ಮಿಕ್ಕವುಗಳಲ್ಲಿ ಅರ್ಧವನ್ನು ಸೇರಿಸಿ ಪರೀಕ್ಷಿಸಬೇಕು. ಕೆಟ್ಟರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಕೆಡದಿದ್ದರೆ ಇನ್ನೊಂದು ಅರ್ಧದಲ್ಲಿದ್ದಾನೆ. ಕರ್ನಲ್ಲಿನ ಅಧಿಕೃತ ಕೈಪಿಡಿಯೂ ಇದನ್ನೇ ಹೇಳುತ್ತದೆ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗಿನದರಲ್ಲಿ ಕೆಟ್ಟಿದ್ದರೂ ಇದೇ ಲೆಕ್ಕ: ನಡುವೆ ಸಾವಿರ ಬದಲಾವಣೆಗಳು ಆಗಿದ್ದರೂ ಹತ್ತು ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆಯನ್ನು ಹಿಡಿಯಬಹುದು. ಜಾಣತನಕ್ಕಿಂತ ತಾಳ್ಮೆ ಕೇಳುವ ಕೆಲಸ ಇದು.

ಏಳುವಾಗಲೇ ಯಂತ್ರ ಸತ್ತರೆ ಏನು ಗತಿ? ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ 2006ರಲ್ಲಿ ತಾವೇ ಕೂತು ಬರೆದ ಒಂದು ತಂತ್ರವಿದೆ. ಮುಖ್ಯವಾಗಿ ಎಸ್-3 ನಿದ್ದೆಗೆಂದು ಹುಟ್ಟಿದ್ದು, ಆದರೂ ಈ ಕುಲದ ದೋಷಶೋಧಕ್ಕೆಲ್ಲ ಅದು ಮಾದರಿ. ಎಲ್ಲ ಸಾಧನಗಳು ಮಲಗಿದ್ದರೂ ಒಂದು ಮಾತ್ರ ಎಚ್ಚರವಿರುತ್ತದೆ. ಮದರ್‌ಬೋರ್ಡಿನ ಪುಟ್ಟ ಸೆಲ್ಲಿನಿಂದ ಓಡುವ ಗಡಿಯಾರ ಅದು. ರೀಸೆಟ್ ಒತ್ತಿದರೂ ಅದರಲ್ಲಿದ್ದದ್ದು ಅಳಿಯುವುದಿಲ್ಲ. ಸರಿ, ಗಡಿಯಾರದಲ್ಲೇ ಬರೆಯೋಣ ಎಂದರು. ಪ್ರತಿ ಡ್ರೈವರನ್ನು ಎಬ್ಬಿಸುವ ಮುನ್ನ, ಎಲ್ಲಿದ್ದೇವೆ ಎಂಬುದನ್ನು ಒಂದು ಸಂಖ್ಯೆಯಾಗಿಸಿ, ಆ ಸಂಖ್ಯೆಯನ್ನು ಒಂದು ಸುಳ್ಳು ದಿನಾಂಕ ಮತ್ತು ಸಮಯವಾಗಿ ಮಾಡಿ ಗಡಿಯಾರಕ್ಕೆ ತುಂಬುವುದು. ಲೆಕ್ಕ ನೋಡಿ. ವರ್ಷಕ್ಕೆ 100 ಬೆಲೆ, ತಿಂಗಳಿಗೆ 12, ದಿನಕ್ಕೆ 28, ಗಂಟೆಗೆ 24. ಗಡಿಯಾರ ಓಡುತ್ತಲೇ ಇರುವುದರಿಂದ ನಿಮಿಷಗಳನ್ನು ಮೂರು ಮೂರರ ಹೆಜ್ಜೆಯಲ್ಲಿ ಮಾತ್ರ ಬಳಸಿದರು, ಅಲ್ಲಿಗೆ 20 ಬೆಲೆ. ಗುಣಿಸಿದರೆ 1,61,28,000. ಇದರಲ್ಲಿ ಹಿಡಿಸಬೇಕಾದದ್ದು ಮೂರು ಸಂಗತಿ: ಬಳಕೆದಾರರು ಇಡುವ ಗುರುತಿಗೆ 16, ಕೋಡಿನ ಜಾಗಕ್ಕೆ 997, ಸಾಧನದ ಹೆಸರಿಗೆ 1009. ಗುಣಿಸಿದರೆ 1,60,95,568. ಕೂದಲೆಳೆಯ ಅಂತರದಲ್ಲಿ ಹಿಡಿಸುತ್ತದೆ! ಯಂತ್ರ ಸತ್ತ ಮೇಲೆ ಮೂರು ನಿಮಿಷದೊಳಗೆ ಮತ್ತೆ ಬೂಟ್ ಮಾಡಿದರೆ, ಕರ್ನಲ್ ಗಡಿಯಾರ ಓದಿ, ಯಾವ ಫೈಲಿನ ಯಾವ ಸಾಲು, ಯಾವ ಸಾಧನ ಎಂದು ಹೊಂದಿಕೆಯಾಗುವ ಹೆಸರುಗಳನ್ನು ಹೇಳುತ್ತದೆ. ನಿಮ್ಮ ದಿನಾಂಕ ಕೆಡುತ್ತದೆ, ಅದನ್ನು ಮತ್ತೆ ಸರಿಮಾಡಿಕೊಳ್ಳಬೇಕು. ಈ ತಂತ್ರದ ಕೋಡನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಏನೂ ಇಲ್ಲದ ಕಡೆ ಸಾಕ್ಷಿ ಬಿಟ್ಟುಹೋಗುವ ಉಪಾಯ ಹುಡುಕಿದ್ದು ದೊಡ್ಡ ವಿದ್ಯೆ.

ಪಾಲನೆ ಎಂದರೆ ಏನೆಂದು ಹೇಳಲು ಈಗ ಒಂದೇ ಒಂದು ದೋಷದ ಕತೆ ತೆಗೆದುಕೊಳ್ಳುತ್ತೇನೆ. ಮಲಗುವಾಗ ಕರ್ನಲ್ ಒಂದು ಕೋರನ್ನು ಉಳಿಸಿಕೊಂಡು ಮಿಕ್ಕವನ್ನು ಆಫ್ ಮಾಡುತ್ತದೆ ಎಂದೆನಲ್ಲ, ಏಳುವಾಗ ಹೊಸ ಕರ್ನಲ್ಲೂ ಹಾಗೇ ಮಾಡುತ್ತದೆ. ಆಫ್ ಎಂದರೆ ನಿಜಕ್ಕೂ ಕರೆಂಟು ತೆಗೆಯುವುದಲ್ಲ. ಇಂಟೆಲ್ ಪ್ರೊಸೆಸರುಗಳಲ್ಲಿ ಎಂವೈಟ್ ಎಂಬ ಆಜ್ಞೆಯಿದೆ. ಅದು ಕೋರನ್ನು ರ್ಯಾಮ್‌ನ ಒಂದು ವಿಳಾಸದ ಮೇಲೆ ಕಣ್ಣಿಟ್ಟು ಮಲಗಿಸುತ್ತದೆ. ಆ ವಿಳಾಸಕ್ಕೆ ಯಾರಾದರೂ ಬರೆದರೆ ಕೋರ್ ಏಳುತ್ತದೆ. ಎಂದಿನ ದಿನಗಳಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಎದ್ದರೂ ಸುತ್ತ ನೋಡಿ ಮತ್ತೆ ಮಲಗುತ್ತದೆ. ಹೈಬರ್ನೇಶನ್ನಿನಿಂದ ಏಳುವಾಗ ಮಾತ್ರ ಹಳೆಯ ಪ್ರತಿ ರ್ಯಾಮ್ ತುಂಬ ಸುರಿಯುತ್ತಿರುತ್ತದೆ. ಕಣ್ಣಿಟ್ಟ ವಿಳಾಸದ ಮೇಲೂ ಸುರಿಯುತ್ತದೆ. ಕೋರ್ ಏಳುತ್ತದೆ. ಮುಂದಿನ ಆಜ್ಞೆ ಓದಲು ಹೋದರೆ ಅಲ್ಲಿ ಅದರ ಕೋಡೂ ಇಲ್ಲ, ವಿಳಾಸ ತೋರಿಸುವ ಪುಟಕೋಷ್ಟಕವೂ ಇಲ್ಲ, ಎಲ್ಲದರ ಮೇಲೂ ಬೇರೆಯದು ಬರೆದಾಗಿದೆ. ಯಂತ್ರ ಸತ್ತಿತು. 2016ರಲ್ಲಿ ಇದನ್ನು ಪತ್ತೆ ಮಾಡಿ, ಏಳುವ ಹೊತ್ತಿನಲ್ಲಿ ಮಾತ್ರ ಎಂವೈಟ್ ಬದಲು ಎಚ್‌ಎಲ್‌ಟಿ ಎಂಬ ಹಳೆಯ ಆಜ್ಞೆ ಬಳಸುವಂತೆ ತಿದ್ದಿದರು. ಎಚ್‌ಎಲ್‌ಟಿಗೆ ರ್ಯಾಮ್‌ನಲ್ಲಿ ಯಾರು ಏನು ಬರೆದರೂ ಲೆಕ್ಕವಿಲ್ಲ.

ಕತೆ ಮುಗಿಯಲಿಲ್ಲ. 2018ರಲ್ಲಿ ಇಂಟೆಲ್ ಪ್ರೊಸೆಸರುಗಳಲ್ಲಿ ಎಲ್1ಟಿಎಫ್ ಎಂಬ ಭದ್ರತಾ ಲೋಪ ಬಯಲಾಯಿತು. ಒಂದೇ ಕೋರಿನಲ್ಲಿ ಜೋಡಿಯಾಗಿ ಓಡುವ ಎರಡು ಎಳೆಗಳ ಪೈಕಿ ಒಂದನ್ನು ನಿಲ್ಲಿಸುವುದು ಅದಕ್ಕೊಂದು ರಕ್ಷಣೆ. ಅದಕ್ಕಾಗಿ ‘ನೋಎಸ್‌ಎಂಟಿ’ ಎಂಬ ಬೂಟ್ ಆಯ್ಕೆ ಬಂತು. ಇಲ್ಲೊಂದು ಸೂಕ್ಷ್ಮವಿದೆ. ಹಾರ್ಡ್‌ವೇರ್ ಕೆಟ್ಟಿದೆ ಎಂಬ ಸೂಚನೆ ಎಲ್ಲ ಎಳೆಗಳಿಗೂ ಏಕಕಾಲಕ್ಕೆ ಹೋಗುವುದರಿಂದ, ಅದನ್ನು ಸ್ವೀಕರಿಸಲು ಅಣಿಯಾಗದ ಎಳೆ ಒಂದಿದ್ದರೂ ಇಡೀ ಯಂತ್ರ ರೀಸೆಟ್ ಆಗುತ್ತದೆ. ಹಾಗಾಗಿ ಬೇಡದ ಎಳೆಗಳನ್ನೂ ಒಮ್ಮೆ ಎಬ್ಬಿಸಿ, ಅಣಿಮಾಡಿ, ಆಮೇಲೆ ಮಲಗಿಸುತ್ತಾರೆ. ಮಲಗಿಸುವುದು ಎಂವೈಟ್‌ನಲ್ಲಿ. ಏಳುವಾಗ ಕೋರ್‌ಗಳನ್ನು ಆಫ್ ಮಾಡುವ ಕೋಡು ಈ ಎಳೆಗಳನ್ನು ನೋಡಿ, ಇವು ಆಗಲೇ ಆಫ್ ಆಗಿವೆಯಲ್ಲ ಎಂದು ಬಿಟ್ಟು ಮುಂದಕ್ಕೆ ಹೋಗುತ್ತದೆ. 2016ರ ತಿದ್ದುಪಡಿ ಅವುಗಳನ್ನು ಮುಟ್ಟುವುದೇ ಇಲ್ಲ. ಹಳೆಯ ದೋಷ ಹಾಗೆಯೇ ವಾಪಸ್ಸು ಬಂತು. 2019ರಲ್ಲಿ ಮತ್ತೆ ಪತ್ತೆಯಾಗಿ, ಆ ಎಳೆಗಳನ್ನು ಒಮ್ಮೆ ಎಬ್ಬಿಸಿ ಎಚ್‌ಎಲ್‌ಟಿಯಲ್ಲಿ ಮಲಗಿಸುವಂತೆ ತಿದ್ದಿದರು.

ಇದರಲ್ಲಿ ತಪ್ಪು ಮಾಡಿದವರು ಯಾರು? ಯಾರೂ ಅಲ್ಲ. ಭದ್ರತೆಯವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು, ಹೈಬರ್ನೇಶನ್‌ನವರೂ ಸರಿಯಾಗಿಯೇ ಮಾಡಿದ್ದರು. ಈ ಸೌಲಭ್ಯ ಕರ್ನಲ್ಲಿನ ಪ್ರತಿಯೊಂದು ಮೂಲೆಯ ಮೇಲೂ ಅವಲಂಬಿಸಿದೆ, ಆದ್ದರಿಂದ ಯಾವ ಮೂಲೆಯಲ್ಲಿ ಯಾರು ಏನು ಬದಲಿಸಿದರೂ ಇಲ್ಲಿ ಬಂದು ತಾಗುತ್ತದೆ. ಒಂದು ಸಲ ಸರಿಮಾಡಿ ಮರೆತುಬಿಡುವ ಕೆಲಸ ಇದಲ್ಲ. ಟೋರ್ವಾಲ್ಡ್ಸ್ 2007ರಲ್ಲೇ, ರ್ಯಾಮ್‌ನ ನಿದ್ದೆಗೂ ಡಿಸ್ಕಿನ ನಿದ್ದೆಗೂ ಒಂದೇ ಕೋಡಿನ ದಾರಿ ಇರಬಾರದೆಂದು ಬಿಡದೆ ವಾದಿಸಿದರು. ಅದರ ಫಲವಾಗಿ ಡ್ರೈವರುಗಳಿಗೆ ಪ್ರತಿ ತೆಗೆಯುವ ಮುನ್ನ ನಿಲ್ಲು, ಪ್ರತಿ ಆಯಿತು ಏಳು, ಈಗ ಆಫ್ ಆಗು, ಪ್ರತಿಯಿಂದ ಎದ್ದಿದ್ದೀಯ ಎಂಬ ನಾಲ್ಕು ಬೇರೆ ಬೇರೆ ಕರೆಗಳು ಬಂದವು. ನಾಲ್ಕನೆಯದೇ ಕಷ್ಟದ್ದು. ಎದ್ದ ಡ್ರೈವರ್ ತನ್ನ ಸಾಧನವನ್ನು ತಾನು ಬಿಟ್ಟುಹೋದ ಸ್ಥಿತಿಯಲ್ಲೇ ಕಾಣುವುದಿಲ್ಲ, ನಡುವೆ ಇನ್ನೊಂದು ಕರ್ನಲ್ ಬಂದು ಅದನ್ನು ಮುಟ್ಟಿ ಹೋಗಿರುತ್ತದೆ. ಇದನ್ನು ಮರೆತ ಡ್ರೈವರುಗಳು ಇವತ್ತಿಗೂ ಬರೆಯಲ್ಪಡುತ್ತಿವೆ.

ಬಳಕೆದಾರರಿಗೆ ಒಂದು ಎಚ್ಚರಿಕೆ. ಹೈಬರ್ನೇಟ್ ಆದ ಯಂತ್ರದ ಡಿಸ್ಕನ್ನು ಬೇರೆ ವ್ಯವಸ್ಥೆಯಿಂದ ತೆರೆಯಬೇಡಿ. ಪ್ರತಿಯೊಳಗೆ ಫೈಲ್ ವ್ಯವಸ್ಥೆಯ ಹಳೆಯ ನೆನಪು ಕೂತಿದೆ. ನಡುವೆ ಡಿಸ್ಕ್ ಬದಲಾದರೆ, ಎದ್ದ ಕರ್ನಲ್ ಹಳೆಯ ನೆನಪನ್ನೇ ನಂಬಿ ಬರೆದು ಫೈಲುಗಳನ್ನು ಹಾಳುಮಾಡುತ್ತದೆ. ಓದಲು ಮಾತ್ರ ತೆರೆದರೂ ಸಾಲದು, ಎಕ್ಸ್ಟ್-4ರಂಥ ಫೈಲ್ ವ್ಯವಸ್ಥೆಗಳು ಆಗಲೂ ತಮ್ಮ ಜರ್ನಲ್ ತೀರಿಸಲು ಡಿಸ್ಕಿಗೆ ಬರೆಯುತ್ತವೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಕೂಡ ಒಳಗೊಳಗೆ ಅರ್ಧ ಹೈಬರ್ನೇಶನ್ನೇ. ಎರಡೂ ವ್ಯವಸ್ಥೆ ಇಟ್ಟುಕೊಂಡವರು ಅದನ್ನು ಆಫ್ ಮಾಡಿಡುವುದು ಕ್ಷೇಮ. ಲಿನಕ್ಸ್‌ನವರು ಒಂದು ಕಾಪು ಇಟ್ಟಿದ್ದಾರೆ: ಏಳುವಾಗ ಪ್ರತಿಯನ್ನು ಓದುವ ಮುನ್ನವೇ ಸ್ವಾಪ್‌ನ ಮೇಲಿನ ಗುರುತನ್ನು ಅಳಿಸಿ ಮಾಮೂಲು ಗುರುತು ಬರೆಯುತ್ತಾರೆ. ಏಳುವುದು ಸೋತರೂ ಮುಂದಿನ ಸಲ ಯಂತ್ರ ಸಾಮಾನ್ಯವಾಗಿ ಬೂಟ್ ಆಗುತ್ತದೆ, ಅದೇ ಹಳಸಿದ ಪ್ರತಿಯನ್ನು ಮತ್ತೆ ಹಿಡಿಯುವುದಿಲ್ಲ.

ಇಷ್ಟೆಲ್ಲ ಇದ್ದೂ ಬಹಳ ಯಂತ್ರಗಳಲ್ಲಿ ಈ ಸೌಲಭ್ಯದ ಬಟನ್ನೇ ಕಾಣುವುದಿಲ್ಲ. ಉಬುಂಟು 2012ರ ಆವೃತ್ತಿಯಿಂದಲೇ ಅದನ್ನು ಮೆನುವಿನಿಂದ ತೆಗೆಯಿತು. 2019ರಲ್ಲಿ ಕರ್ನಲ್ಲಿಗೆ ಬಂದ ಲಾಕ್‌ಡೌನ್ ಎಂಬ ಭದ್ರತಾ ವ್ಯವಸ್ಥೆ ಜಾರಿಯಲ್ಲಿದ್ದರೆ ಹೈಬರ್ನೇಶನ್ ನಿಷಿದ್ಧ, ಏಕೆಂದರೆ ಡಿಸ್ಕಿನಲ್ಲಿರುವ ಪ್ರತಿಯನ್ನು ಯಾರೂ ತಿದ್ದಿಲ್ಲ ಎಂದು ಸಾಬೀತು ಮಾಡುವ ದಾರಿ ಕರ್ನಲ್ಲಿಗೆ ಇನ್ನೂ ಇಲ್ಲ. ಕಾರಣ ನ್ಯಾಯವಾದದ್ದೇ. ಆದರೆ ಅಲ್ಲಿಗೇ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಹಳೆಯ ಎಸ್-3 ನಿದ್ದೆಯೇ ಮಾಯವಾಗುತ್ತಿದೆ, ಅದರ ಜಾಗಕ್ಕೆ ಬಂದ ಅರೆನಿದ್ದೆ ಚೀಲದೊಳಗೇ ಬ್ಯಾಟರಿ ತಿಂದು ಹಾಕುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಡಿಸ್ಕಿಗೆ ಬರೆದು ಪೂರ್ತಿ ಆಫ್ ಆಗುವ ದಾರಿ ಹಿಂದೆಂದಿಗಿಂತ ಈಗ ಹೆಚ್ಚು ಬೇಕಾಗಿದೆ. ಪ್ರತಿಗೆ ಸಹಿ ಹಾಕಿ ಪರಿಶೀಲಿಸುವ ವ್ಯವಸ್ಥೆ ಮುಖ್ಯ ಕರ್ನಲ್ಲಿಗೆ ಬರಬೇಕು. ಇದು ಒಳ್ಳೆಯ ಸಂಶೋಧನಾ ವಿಷಯ ಎಂದು ಇಲ್ಲಿರುವ ಎಂ.ಟೆಕ್. ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ.

ಉಳಿದವರಿಗೆ ನನ್ನ ಬೇಡಿಕೆ ಸಣ್ಣದು. ನಿಮ್ಮ ಯಂತ್ರದಲ್ಲಿ ಹೈಬರ್ನೇಶನ್ ಕೆಟ್ಟರೆ, ಲಿನಕ್ಸ್ ಹೀಗೇ ಬಿಡಿ ಎಂದು ಕೈಚೆಲ್ಲಬೇಡಿ. ಫ್ರೀಜರ್‌ನಿಂದ ಕೋರ್‌ವರೆಗೆ ಐದೂ ಪರೀಕ್ಷೆ ಮಾಡಿ. ಅದು ಅರ್ಧ ಗಂಟೆಯ ಕೆಲಸ. ಯಂತ್ರದ ಮಾದರಿ, ಕರ್ನಲ್ಲಿನ ಆವೃತ್ತಿ, ಕೊನೆಯ ಸಲ ಸರಿಯಿದ್ದ ಆವೃತ್ತಿ, ಎಡವಿದ ಮೆಟ್ಟಿಲು, ಲಾಗ್ ಇಷ್ಟನ್ನೂ ಬರೆದು ಪಾಲಕರಿಗೆ ಕಳಿಸಿ. ದೂರದ ಊರಿನಲ್ಲಿ ಕೂತ ಪಾಲಕರ ಬಳಿ ನಿಮ್ಮ ಮಾದರಿಯ ಲ್ಯಾಪ್‌ಟಾಪ್ ಇಲ್ಲ. ನಿಮ್ಮ ವರದಿ ಇಲ್ಲದಿದ್ದರೆ ಆ ದೋಷ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಯೋಗಾಲಯದ ಕೊನೆಯ ಅವಧಿಯಲ್ಲಿ ಇಂಥ ಒಂದು ವರದಿಯನ್ನು ಪ್ರತಿ ವಿದ್ಯಾರ್ಥಿಯಿಂದ ಬರೆಸಿ ಎಂದು ಅಧ್ಯಾಪಕ ಮಿತ್ರರನ್ನು ಕೇಳಿಕೊಳ್ಳುತ್ತೇನೆ.